ಅಪ್‌ಡೇಟ್: ಕರಿಯ ಈಗ ಬಟ್ಟಲು ನೆಕ್ಕುತ್ತಾನೆ

ಮೂರು ವಾರದ ಹಿಂದೆ ಕೇಳಿದ್ದೆ: ಮನೆಗೆ ತಂದ ನಾಲ್ಕು ತಿಂಗಳ ಬೀದಿ ನಾಯಿಮರಿ ಹಾಲನ್ನ ಬಿಟ್ಟು ಬೇರೇನೂ ಮುಟ್ಟಲ್ಲ, ಭೇದಿ ಬೇರೆ, ಸೋಫಾ ಪಕ್ಕದಲ್ಲೇ ಉಚ್ಚೆ, ಏನು ಮಾಡಲಿ ಅಂತ.

ಮೊದಲು ಹಾಲು ನಿಲ್ಲಿಸಿದೆ. ತುಂಬಾ ನಾಯಿಗಳಿಗೆ ಅದು ಅರಗಲ್ಲ ಅಂತ ನೀವು ಹೇಳಿದ್ದು ನಿಜ. ಡಾಕ್ಟರ್ ಜಂತುಹುಳದ ಔಷಧಿ ಕೊಟ್ಟರು, ರೇಬೀಸ್ ಲಸಿಕೆಯ ದಿನವನ್ನೂ ಬರೆದುಕೊಟ್ಟರು. ಹೊಟ್ಟೆ ಸರಿಹೋಯಿತು.

ಈಗ ದಿನಕ್ಕೆ ಮೂರು ಹೊತ್ತು ಊಟ. ಎರಡು ಹೊತ್ತು ಮರಿಗಳ ಡ್ರೈ ಫುಡ್, ಒಂದು ಹೊತ್ತು ಅನ್ನ, ಮೂಳೆ ತೆಗೆದ ಬೇಯಿಸಿದ ಕೋಳಿ, ಚೂರು ಸಿಹಿಗುಂಬಳ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಇದನ್ನು ನಾಯಿಗಿಂತ ಅಮ್ಮನಿಗೆ ಕಲಿಸೋದೇ ಕಷ್ಟವಾಯಿತು! "ಉಳಿದ ಸಾರನ್ನ ಇನ್ಯಾರಿಗೆ ಹಾಕಲಿ?" ಅಂತಾರೆ. 20 ನಿಮಿಷಕ್ಕೆ ಬಟ್ಟಲು ಎತ್ತಿಬಿಡುತ್ತೇನೆ. ಮೊದಲ ದಿನ ಮುಖ ತಿರುಗಿಸಿ ಮಲಗಿದ್ದವನು, ಈಗ ಖಾಲಿ ಬಟ್ಟಲನ್ನು ಮೂತಿಯಿಂದ ತಳ್ಳುತ್ತಾ ಅಡುಗೆಮನೆವರೆಗೂ ಬರುತ್ತಾನೆ.

ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಕೂಡಲೇ ಗೇಟಿನಾಚೆ ಹೊಂಗೆ ಮರದ ಹತ್ತಿರ ಕರೆದೊಯ್ಯುತ್ತೇನೆ. ಕೆಲಸ ಮುಗಿಸಿದ ಕ್ಷಣವೇ ಒಂದು ಚೂರು ಕೋಳಿ. ಮನೆಗೆ ಬಂದು ಕೊಟ್ಟರೆ ಯಾಕೆ ಸಿಕ್ಕಿತು ಅಂತ ಅವನಿಗೆ ಗೊತ್ತಾಗಲ್ಲ, ಅಲ್ವಾ? ಒಳಗೆ ಮಾಡಿದರೆ ಬೈಯದೆ ಸುಮ್ನೆ ಒರೆಸುತ್ತೇನೆ. ಈ ವಾರ ಒಂದೇ ಸಲ ತಪ್ಪಿದ, ಅದೂ ಮಳೆಗೆ ಹೆದರಿ.

ಚಪ್ಪಲಿ ಕಚ್ಚೋದು ಮಾತ್ರ ನಿಂತಿಲ್ಲ. ಅದೂ ನನ್ನ ಎಡಗಾಲಿನದೇ ಬೇಕು.