ತೋಡು ನೋಡಿ ಊರನ್ನು ಅರಿಯುವುದು ಹೇಗೆ?

ಗುಡ್ಡೆ ಟೀಚರ್:
ಕಾಸರಗೋಡಿನ ಬಾಯಾರು ಕಡೆಯ ಒಂಬತ್ತನೇ ತರಗತಿಯ ಮಕ್ಕಳಿಗೆ ವರ್ಷಪೂರ್ತಿಯ ಒಂದು ಕೆಲಸ ಯೋಚಿಸಿದ್ದೇನೆ: ಶಾಲೆ ಹತ್ತಿರದ ತೋಡನ್ನು (ಸಣ್ಣ ಹಳ್ಳವನ್ನು) ಗಮನಿಸುತ್ತ ಊರಿನ ಬದುಕನ್ನು ತಿಳಿಯುವುದು. ಹಕ್ಕಿ, ಗಿಡಗಳ ಪಟ್ಟಿಗೇ ನಿಲ್ಲಬಾರದು. ಏನೇನು ಬರೆದಿಡಿಸಲಿ?

ತೋಡಿನಕರೆ:
ಟೀಚರೇ, ಮೊದಲು ನೀರು ಅಳೆಯಿಸಿ. ತೋಡು ನೇರ ಹರಿಯುವಲ್ಲಿ 10 ಮೀಟರ್ ಗುರುತು ಹಾಕಿ ನಿಂಬೆಹಣ್ಣು ಬಿಡಿ. ಐದು ಸಲದ ಸರಾಸರಿ ಸಮಯ ತೆಗೆಯಿರಿ. ಅಗಲ 2 ಮೀಟರ್, ಸರಾಸರಿ ಆಳ 0.3 ಮೀಟರ್, ಸಮಯ 25 ಸೆಕೆಂಡು ಆದರೆ ಸೆಕೆಂಡಿಗೆ ಸುಮಾರು 192 ಲೀಟರ್. ಮೇಲಿನ ನೀರು ಅಡಿಯದ್ದಕ್ಕಿಂತ ಬೇಗ ಓಡುವುದರಿಂದ 0.8ರಿಂದ ಗುಣಿಸಿದ ಲೆಕ್ಕ ಇದು; ಮರೆತರೆ ಕಾಲುಭಾಗ ಜಾಸ್ತಿ ಬರುತ್ತದೆ. ಮಳೆಗಾಲದಲ್ಲಿ ಮಕ್ಕಳನ್ನು ತೋಡಿಗೆ ಇಳಿಸಬೇಡಿ. ಅಕ್ಟೋಬರಿನಿಂದ ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ ಸಾಕು.

ಆ ಅಂಕಿಯ ಪಕ್ಕದಲ್ಲೇ ಕಟ್ಟ (ನೀರು ನಿಲ್ಲಿಸಲು ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು) ಹಾಕಿದ ದಿನ ಬರೆಯಿಸಿ. ಕಲ್ಲು, ಮಣ್ಣಿನ ಕಟ್ಟವನ್ನು ಬೇಗ ಹಾಕಿದರೆ ಹಿಂಗಾರಿನ ಗುಡುಗು ಮಳೆಗೆ ಕೊಚ್ಚಿಹೋಗುತ್ತದೆ, ತಡವಾದರೆ ನಿಲ್ಲಿಸಲು ನೀರೇ ಉಳಿದಿರುವುದಿಲ್ಲ. ಊರಿನ ಸ್ವಭಾವ ಕಾಣುವುದು ಇಲ್ಲಿಯೇ. ಕಟ್ಟದಿಂದ ಆಚೀಚೆ ಬಾವಿಗಳ ನೀರೂ ಏರುತ್ತದೆ, ತೋಡಿಗೆ ತಾಗದ ತೋಟದವರಿಗೂ ಲಾಭ. ಹಾಗಾದರೆ ಕೆಲಸಕ್ಕೆ ಬಂದವರು ಯಾರು, ಬಾರದವರು ಯಾರು? ಮನೆಯಲ್ಲಿ ಕೊಳವೆಬಾವಿ ಇದೆಯೇ? ಮನೆಗಳಿಗೆ ಹೆಸರಿನ ಬದಲು ಸಂಖ್ಯೆ ಕೊಡಿ, ಇಲ್ಲದಿದ್ದರೆ ಜಗಳ ಖಂಡಿತ.

ಮುರಕಲ್ಲು:
ಸುರಂಗವನ್ನೂ, ಅಂದರೆ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಬಿಲವನ್ನೂ, ಸೇರಿಸಿ. ಬಾಯಿಂದ ಹೊರಬೀಳುವ ನೀರಿಗೆ 10 ಲೀಟರ್ ಬಕೆಟ್ ಹಿಡಿಯಿರಿ. 50 ಸೆಕೆಂಡಿಗೆ ತುಂಬಿದರೆ ದಿನಕ್ಕೆ 17,280 ಲೀಟರ್. ಮಳೆ ನಿಂತ ಮೇಲೆ ಎಷ್ಟು ವಾರ ಹರಿವು ಇಳಿಯದೆ ಉಳಿಯಿತು ಎಂಬುದರಲ್ಲಿ ಮೇಲಿನ ಗುಡ್ಡೆಯ ಸ್ಥಿತಿ ಗೊತ್ತಾಗುತ್ತದೆ. ಅಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೋರೆ, ಅಂದರೆ ಕಲ್ಲುಗಣಿ, ಎದ್ದಿದೆಯೇ, ಕಾಡು ಕಡಿದಿದ್ದಾರೆಯೇ ನೋಡಿ. ಒಂದೇ ವರ್ಷದ ಅಳತೆ ನೋಡಿ ಕಾರಣ ಹೇಳಬಾರದು, ಮಳೆಯೇ ಕಡಿಮೆ ಬಂದಿರಬಹುದು. ಮಕ್ಕಳು ಒಳಗೆ ಹೋಗಲೇಬಾರದು: ಕುಸಿತ ಒಂದು, ಆಳದಲ್ಲಿ ಗಾಳಿಯ ಕೊರತೆ ಇನ್ನೊಂದು.

ಪತ್ತನಾಜೆ:
ಮಳೆಯ ದಿನಚರಿಯಲ್ಲಿ ಊರಿನ ಪಂಚಾಂಗವೂ ಇರಲಿ. ತುಳು ಪಂಚಾಂಗದ ಬೇಶ ತಿಂಗಳ ಹತ್ತರ ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಭೂತಕೋಲ, ಯಕ್ಷಗಾನ ಮೇಳಗಳು ನಿಲ್ಲುತ್ತವೆ. ಜೂನ್ ಆರಂಭದಲ್ಲಿ ಮುಂಗಾರು.

ಒಂದು ಎಚ್ಚರಿಕೆ: ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ ತೋರಿಸಿ "ನೋಡಿ, ಒಗ್ಗಟ್ಟು" ಎನ್ನಬೇಡಿ. ಆ ಕೆಲಸಗಾರ ಇರುವೆಗಳೆಲ್ಲ ಹತ್ತಿರದ ರಕ್ತಸಂಬಂಧಿಗಳು. ಕಟ್ಟ ಹಾಕುವವರು ಹಾಗಲ್ಲ, ಮಾತಾಡಿ ಒಪ್ಪಿಕೊಂಡು ಬರಬೇಕು. ಆ ಮಾತುಕತೆ ಎಲ್ಲಿ, ಯಾರ ಅಂಗಳದಲ್ಲಿ ನಡೆಯುತ್ತದೆ ಎಂದು ಮಕ್ಕಳು ಕೇಳಿ ಬರೆಯಲಿ.