ಚೀನಾದ ಹಳ್ಳಿ ಶಾಲೆಯಲ್ಲಿ ಕಲಿಸಿದವರು ಇದ್ದೀರಾ?

ನಮಸ್ಕಾರ. ಬಿ.ಎಡ್. ಮುಗಿಸಿದ್ದೇನೆ. ಗುಯಿಝೌ ಪ್ರಾಂತ್ಯದ ಹಳ್ಳಿ ಶಾಲೆಯೊಂದರಲ್ಲಿ ಎರಡು ವಾರ ಸಂಬಳವಿಲ್ಲದೆ ಇಂಗ್ಲಿಷ್ ಕಲಿಸಲು ಕರೆದಿದ್ದಾರೆ. ಹೋಗಿ ಬಂದವರು ನಿಮ್ಮ ಅನುಭವ ಹೇಳ್ತೀರಾ?

ಉತ್ತರ 1
ಅದೇ ಪ್ರಾಂತ್ಯದ ಬೆಟ್ಟದೂರಿನಲ್ಲಿ ನಾನು ಒಂದು ವರ್ಷ ಇದ್ದೆ. ಎರಡೇ ವಾರಕ್ಕಾದರೆ ಹೋಗಬೇಡಿ ತಂಗಿ.

ಮೊದಲ ವಾರ ಮನೆಯವರ ಚಿತ್ರ ಬರೆಯಿರಿ ಅಂದೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿ, ತಮ್ಮ, ಹಂದಿ ಬರೆದಳು. ಆಮೇಲೆ ಮೂಲೆಯಲ್ಲಿ ಒಂದು ಮೊಬೈಲ್, ಅದರೊಳಗೆ ಎರಡು ಮುಖ. ಅಪ್ಪ ಅಮ್ಮ ಗುವಾಂಗ್‌ಡಾಂಗ್‌ನ ಫ್ಯಾಕ್ಟರಿಯಲ್ಲಿದ್ದಾರೆ. ವಸಂತ ಹಬ್ಬಕ್ಕೆ, ಅಂದರೆ ಚೀನೀ ಹೊಸ ವರ್ಷಕ್ಕೆ, ಮಾತ್ರ ಬರುತ್ತಾರೆ.

ಹೀಗೆ ಊರಲ್ಲೇ ಉಳಿದ ಮಕ್ಕಳು 2010ರ ಜನಗಣತಿಯ ಲೆಕ್ಕದಲ್ಲಿ 6 ಕೋಟಿಗೂ ಜಾಸ್ತಿ. ಜೊತೆಗೆ ಕರೆದುಕೊಂಡು ಹೋಗಬಾರದಾ ಅಂತ ನಾನೂ ಕೇಳಿದ್ದೆ. ಅಡ್ಡ ಬರೋದು ಹುಕೌ, ಅಂದರೆ ಕುಟುಂಬ ಯಾವ ಊರಿನದು ಅಂತ ಸರ್ಕಾರ ಮಾಡುವ ನೋಂದಣಿ. 1958ರ ಕಾನೂನು ಅದು. ಹಳ್ಳಿಯ ಹುಕೌ ಇದ್ದರೆ ನಗರದ ಸರ್ಕಾರಿ ಶಾಲೆಯಲ್ಲಿ ಸೀಟು ಸಿಗೋದು ಕಷ್ಟ. ಕಾಲೇಜಿಗೆ ಸೇರುವ ಗಾವ್‌ಕಾವ್ ಪರೀಕ್ಷೆಯನ್ನೂ ಸಾಮಾನ್ಯವಾಗಿ ಹುಕೌ ಇರುವ ಪ್ರಾಂತ್ಯದಲ್ಲೇ ಬರೆಯಬೇಕು. ನಮ್ಮ ರಾಯಚೂರು, ಯಾದಗಿರಿ ಕಡೆ ಗುಳೆ ಹೋದವರ ಮಕ್ಕಳೂ ಅಜ್ಜಿ ಹತ್ತಿರ ಉಳಿಯುತ್ತಾರೆ, ಅಲ್ವಾ? ಆ ಸಂಕಟ ಗೊತ್ತಿತ್ತು. ಒಂದು ಕಾಗದ ಮಕ್ಕಳನ್ನು ಹೀಗೆ ಕಟ್ಟಿಹಾಕಬಲ್ಲದು ಅಂತ ಗೊತ್ತಿರಲಿಲ್ಲ.

ಆ ಮಕ್ಕಳು ಮೊದಲ ದಿನವೇ ಕೇಳಿದ್ದು, "ಟೀಚರ್, ನೀವು ಯಾವಾಗ ಹೋಗ್ತೀರಿ?" ನನಗಿಂತ ಮೊದಲು ಬಂದು ಹೋದವರ ಹೆಸರೆಲ್ಲ ಅವರಿಗೆ ಬಾಯಿಪಾಠ. ಹಚ್ಚಿಕೊಂಡ ಮೇಲೆ ಹೊರಟುಬಿಡುವವರ ಸಾಲಿಗೆ ನೀವೂ ಸೇರಬೇಡಿ.

ಉತ್ತರ 2
ವೀಸಾ ಯಾವುದು ಅಂತ ಮೊದಲು ಕೇಳಿ. ಪ್ರವಾಸಿ ವೀಸಾದಲ್ಲಿ ಹೋಗಿ ಕಲಿಸಬೇಡಿ. ಕಳಿಸುವ ಸಂಸ್ಥೆ ಚೀನಾದ ಹೊರಗಿನದಾದರೆ 2017ರ ಜನವರಿಯಿಂದ ಜಾರಿಗೆ ಬಂದ ವಿದೇಶಿ ಸ್ವಯಂಸೇವಾ ಸಂಸ್ಥೆಗಳ ಕಾನೂನು ಅದಕ್ಕೂ ತಗಲುತ್ತೆ. ಕಾಗದಪತ್ರ ತೋರಿಸಲು ಹಿಂದೆ ಮುಂದೆ ನೋಡಿದರೆ ಬಿಟ್ಟುಬಿಡಿ.

ಉತ್ತರ 3
ನಾನಿದ್ದದ್ದು ಬೀಜಿಂಗ್‌ನ ಹೊರವಲಯದಲ್ಲಿ, ಅಪ್ಪ ಅಮ್ಮನ ಜೊತೆ ನಗರಕ್ಕೆ ಬಂದ ಮಕ್ಕಳ ಖಾಸಗಿ ಶಾಲೆಯಲ್ಲಿ. ಇಂಥ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳನ್ನು 2011ರ ಬೇಸಿಗೆಯಲ್ಲಿ ಅಲ್ಲಿ ಮುಚ್ಚಿಸಿದ್ದರು. ಜೊತೆಗಿದ್ದ ಮಕ್ಕಳಿಗೂ ನೆಮ್ಮದಿ ಇಲ್ಲ. ಎಂಟನೇ ತರಗತಿಗೆ ಬರುತ್ತಿದ್ದಂತೆ ಬೆಂಚು ಒಂದೊಂದಾಗಿ ಖಾಲಿ. ಪರೀಕ್ಷೆಗೆ ಅಂತ ಊರಿಗೆ ವಾಪಸ್.

ಮೇಲಿನ ಅಕ್ಕ ಹೇಳಿದ್ದು ಸರಿ. ಒಂದು ಸೆಮಿಸ್ಟರ್ ಆದರೂ ಇರಲು ಆಗುತ್ತಾ ನೋಡಿ. ಅಲ್ಲಿನ ಮೇಷ್ಟ್ರಿಗೆ ಏನು ಬೇಕು ಅಂತ ಹೋಗುವ ಮೊದಲೇ ಬರೆದು ಕೇಳಿ. ನನ್ನ ಶಾಲೆಯವರಿಗೆ ಬೇಕಾಗಿದ್ದದ್ದು ಇಂಗ್ಲಿಷ್ ಟೀಚರ್ ಅಲ್ಲ, ಸಂಜೆ ಆರರವರೆಗೆ ಮಕ್ಕಳ ಜೊತೆ ಕೂರುವ ಒಬ್ಬರು.