ಗೋಕರ್ಣದ ಗುಡ್ಡದಂಚಲ್ಲಿ ತೆಗೆದ ಫೋಟೋ ಎಲ್ಲಾ ಮಸುಕು, ಲೆನ್ಸ್ ಹೋಯ್ತಾ?

ಒಂಟಿಕೊಪ್ಪಲ್_ಕ್ಲಿಕ್
ತಲೆ ಕೆಟ್ಟೋಗಿದೆ, ಗೊತ್ತಿರೋರು ಹೇಳಿ. ಡಿಸೆಂಬರ್ ರಜಕ್ಕೆ ಗೋಕರ್ಣಕ್ಕೆ ಹೋಗಿದ್ವಿ, ಕೂಡ್ಲೆಯಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್ ಕಡೆಗೆ ಗುಡ್ಡದ ಅಂಚಲ್ಲೇ ನಡ್ಕೊಂಡು ತೆಗೆದಿದ್ದೇ ತೆಗೆದಿದ್ದು, ಮೈಸೂರಿಗೆ ಬಂದು ಕಂಪ್ಯೂಟರಲ್ಲಿ ನೋಡಿದ್ರೆ ಬಂಡೆ ಕಪ್ಪಗಿಲ್ಲ, ಸಮುದ್ರಕ್ಕೆ ಬಣ್ಣ ಇಲ್ಲ, ಎಲ್ಲದರ ಮೇಲೂ ಮಜ್ಜಿಗೆ ಎರಚಿದಂಗೆ. ಆಕಾಶದಲ್ಲಿ ಬೇರೆ ಅಲ್ಲಲ್ಲಿ ಚುಕ್ಕಿ. ಫೋಕಸ್ ಸರಿ ಇದೆ, ಸೆಟಿಂಗ್ಸ್ ಎಲ್ಲಾ ಮಾಮೂಲಿ.

ಮಂಡ್ಯ_ಮ್ಯಾಕ್ರೋ
ಫಂಗಸ್ಸು. ಅನುಮಾನವೇ ಬ್ಯಾಡ. ಮಳೆಗಾಲ ಪೂರ್ತಿ ಬ್ಯಾಗ್ ಒಳಗೇ ಮಡಗಿರ್ತೀರ. ಮೊಬೈಲ್ ಟಾರ್ಚ್ ಹಿಂದಿಂದ ಬಿಟ್ಟು ನೋಡಿ, ಗಾಜಿನ ಒಳಗೆ ಎಳೆ ಎಳೆ ಕಂಡ್ರೆ ಮುಗೀತು ಕಥೆ.

ಎಫ್_ಎಂಟು
"ಮಾಮೂಲಿ" ಅಂದ್ರೆ ಯಾರಿಗೆ ಮಾಮೂಲಿ ಸಾರ್? ಲೆನ್ಸ್ ಯಾವ್ದು, ಅಪರ್ಚರ್ (ಬೆಳಕು ಒಳಗೆ ಬಿಡೋ ಕಿಂಡಿ) ಎಷ್ಟು, ಫಿಲ್ಟರ್ ಇತ್ತಾ, ಬಿಸಿಲು ಯಾವ ಕಡೆಯಿಂದ? ಇದ್ಯಾವ್ದೂ ಇಲ್ದೆ ಶಾಸ್ತ್ರ ಹೇಳೋಕೆ ನಾನೇನ್ ಜೋಯಿಸನಾ.

ಒಂಟಿಕೊಪ್ಪಲ್_ಕ್ಲಿಕ್
ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸ್, ಎಫ್ 22, ಅಂದ್ರೆ ಕಿಂಡಿ ತೀರಾ ಸಣ್ಣ. ಲ್ಯಾಂಡ್‌ಸ್ಕೇಪ್ ಅಲ್ವಾ, ಎಲ್ಲಾ ಶಾರ್ಪ್ ಬರ್ಲಿ ಅಂತ. ಯುವಿ ಫಿಲ್ಟರ್, ಅದೇ ನೇರಳಾತೀತ ಕಿರಣ ತಡೆಯೋ ಗಾಜು, ತಗೊಂಡಾಗಿಂದ ಲೆನ್ಸ್ ಮೇಲೇ ಇದೆ, ಅದನ್ನೇನ್ ಬಿಡಿಸಿ ಹೇಳೋದು. ಟಾರ್ಚ್ ಬಿಟ್ಟೆ, ಎಳೆ ಗಿಳೆ ಏನೂ ಇಲ್ಲ.

ಮಂಡ್ಯ_ಮ್ಯಾಕ್ರೋ
ಓರೆ ಮಾಡಿ ಹಿಡೀರಿ. ಶುರುವಲ್ಲಿ ಒಸಿ ಮಬ್ಬು ಅಷ್ಟೇ ಇರ್ತದೆ, ಎಳೆ ಕಾಣಲ್ಲ. ನಾನು ಲೆನ್ಸ್ ಮಡಗೋ ಡ್ರೈ ಕ್ಯಾಬಿನೆಟ್ಟಲ್ಲಿ ತೇವ 45 ಪರ್ಸೆಂಟಿಗೆ ಇಟ್ಟಿದೀನಿ, ಒಂದ್ ಲೆನ್ಸೂ ಕೆಟ್ಟಿಲ್ಲ.

ಎಫ್_ಎಂಟು
ಎಫ್ 22 ಯಾಕೆ ಸ್ವಾಮಿ! ಕಿಟ್ ಕ್ಯಾಮೆರಾ ಸೆನ್ಸರಿಗೆ (ಒಳಗೆ ಫೋಟೋ ಹಿಡಿಯೋ ಚಿಪ್ಪು) ಅಲ್ಲಿ ಡಿಫ್ರಾಕ್ಷನ್ ಬಂದು, ಅಂದ್ರೆ ಸಣ್ಣ ಕಿಂಡೀಲಿ ಬೆಳಕು ಹರಡಿ, ಇಡೀ ಫೋಟೋನೇ ಮೆತ್ತಗಾಗುತ್ತೆ. 18 ಎಂಎಂ ಅಲ್ಲಿ ಎಫ್ 8 ಇಟ್ಟು ಎರಡು ಮೀಟರ್ ಚಿಲ್ಲರೆ ದೂರಕ್ಕೆ ಫೋಕಸ್ ಮಾಡಿ, ಒಂದು ಮೀಟರಿಂದ ಆಚೆಗೆ ಎಲ್ಲಾ ಶಾರ್ಪ್ ಬರುತ್ತೆ. ಚುಕ್ಕಿ ಸೆನ್ಸರ್ ಧೂಳು, ಅಪರ್ಚರ್ ಸಣ್ಣ ಮಾಡಿದಷ್ಟೂ ಎದ್ದು ಕಾಣುತ್ತೆ.

ಕಾರಂಜಿ_ಕೆರೆ
ಡಿಫ್ರಾಕ್ಷನ್ನಿಂದ ಮೆತ್ತಗಾಗುತ್ತೆ ಸರಿ, ಕಪ್ಪು ಬಣ್ಣ ಬೂದಿ ಆಗಲ್ಲ. ಒಂಟಿಕೊಪ್ಪಲ್ ಅವ್ರೇ, ಬೆಳಗ್ಗೆ ತೆಗೆದಿದ್ದೂ ಹಿಂಗೇ ಇದ್ಯಾ?

ಒಂಟಿಕೊಪ್ಪಲ್_ಕ್ಲಿಕ್
ಇಲ್ಲ ಮೇಡಂ, ಬೆಳಗ್ಗೆ ಕೂಡ್ಲೆದು ಸೂಪರಾಗಿದೆ. ಊಟ ಆದ್ಮೇಲಿಂದು ಹಾಳಾಗಿರೋದು. ಅಲೆ ಬಂಡೆಗೆ ಹೊಡೆದು ಮುಖಕ್ಕೆಲ್ಲ ಹನಿ ಬರ್ತಿತ್ತು, ಆವಾಗಾವಾಗ ಟೀ ಶರ್ಟಲ್ಲಿ ಒರೆಸ್ಕೊಂಡೇ ಇದ್ದೆ.

ಕಾರಂಜಿ_ಕೆರೆ
ಇದನ್ನ ಮೊದಲ್ನೇ ಪೋಸ್ಟಲ್ಲೇ ಹಾಕಿದ್ರೆ ಆಗ್ತಿತ್ತಲ್ಲ. ಅರ್ಧ ದಿನದಲ್ಲಿ ಫಂಗಸ್ ಬೆಳೆಯಲ್ಲ. ಚಳಿಗಾಲದಲ್ಲಿ ಬೆಳಗ್ಗೆ ಗಾಳಿ ನೆಲದಿಂದ ಸಮುದ್ರಕ್ಕೆ ಹೋಗುತ್ತೆ, ಮಧ್ಯಾಹ್ನದ ಮೇಲೆ ತಿರುಗಿ ಸಮುದ್ರದ ಉಪ್ಪು ಹನಿನೆಲ್ಲ ತಂದು ಗಾಜಿಗೆ ಬಳಿಯುತ್ತೆ. ಉಪ್ಪಿನ ಗುಣ ಏನಂದ್ರೆ ಗಾಳಿಯ ತೇವ 75 ಪರ್ಸೆಂಟ್ ದಾಟಿದ್ರೆ ನೀರೆಳ್ಕೊಂಡು ಕರಗುತ್ತೆ, ನೀವು ಟೀ ಶರ್ಟಲ್ಲಿ ಒರೆಸಿದಷ್ಟೂ ಜಿಡ್ಡಾಗಿ ಹರಡುತ್ತೆ, ಊರಿಗೆ ಬಂದ್ಮೇಲೆ ಒಣಗಿ ಹರಳಾಗಿ ಕೂರುತ್ತೆ. ಜೊತೆಗೆ ಡಿಸೆಂಬರಲ್ಲಿ ಸೂರ್ಯ ಅಲ್ಲಿ ನೇರ ಪಶ್ಚಿಮಕ್ಕೆ ಮುಳುಗಲ್ಲ, ಸುಮಾರು 24 ಡಿಗ್ರಿ ದಕ್ಷಿಣಕ್ಕೆ ವಾಲಿರ್ತಾನೆ. ನೀವು ನಡೆದಿದ್ದೂ ದಕ್ಷಿಣಕ್ಕೆ. ಎದುರು ಬಿಸಿಲು, ಉಪ್ಪು ಮೆತ್ತಿದ ಗಾಜು, ಇನ್ನೇನ್ ಬೇಕು.
ಒಣ ಬಟ್ಟೇಲಿ ಮಾತ್ರ ಉಜ್ಜಬೇಡಿ, ಹರಳು ಗೀರುತ್ತೆ. ಮೊದಲು ಬ್ಲೋವರ್ (ಗಾಳಿ ಊದೋ ರಬ್ಬರ್ ಬಲ್ಬ್), ಆಮೇಲೆ ಡಿಸ್ಟಿಲ್ಡ್ ವಾಟರಲ್ಲಿ ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ.

ಎಫ್_ಎಂಟು
ಯುವಿ ಫಿಲ್ಟರ್ ಕಿತ್ತು ಬಿಸಾಕಿ ಅಂತ ನಾನು ಯಾವಾಗ್ಲೂ ಹೇಳ್ತೀನಿ. ಡಿಜಿಟಲಲ್ಲಿ ಅದರಿಂದ ಏನೂ ಪ್ರಯೋಜನ ಇಲ್ಲ, ಎದುರು ಬಿಸಿಲಿಗೆ ಇನ್ನೊಂದು ಗಾಜು ಅಷ್ಟೇ.

ಕಾರಂಜಿ_ಕೆರೆ
ಬಿಸಾಕೋದ್ಯಾಕೆ? ಅದು ಇದ್ದಿದ್ಕೇ ಉಪ್ಪು ಲೆನ್ಸಿನ ಮುಂದಿನ ಗಾಜಿಗೆ ಕೂತಿಲ್ಲ. ಸಮುದ್ರದ ಹತ್ರ ಹಾಕಿ, ಬೇರೆ ಕಡೆ ತೆಗೀರಿ.

ಎಫ್_ಎಂಟು
ಲೆನ್ಸ್ ಬಾಯಿ ಸುತ್ತ ಹಾಕೋ ಹುಡ್ ಅಂತ ಒಂದಿದೆ ಮೇಡಂ.

ಕಾರಂಜಿ_ಕೆರೆ
ಹುಡ್ ಗಾಳಿ ತಡೆಯುತ್ತಾ ಸಾರ್?

ಮಂಡ್ಯ_ಮ್ಯಾಕ್ರೋ
ಹುಡ್ಡು ಅಂದ್ರೆ ಜ್ಞಾಪಕ ಬಂತು, ನನ್ನ 150-600 ಲೆನ್ಸ್ ಹಾಕ್ಕೊಂಡು ನಂಜನಗೂಡು ಹತ್ರ ಹದಿನಾರು ಅನ್ನೋ ಊರಿನ ಕೆರೆಗೆ ಹೋಗಿದ್ದೆ, ಪಟ್ಟೆತಲೆ ಹೆಬ್ಬಾತು ಸಖತ್ತಾಗಿ ಬಂದವೆ. ಗಿಂಬಲ್ ಹೆಡ್ಡು, ಕಾರ್ಬನ್ ಟ್ರೈಪಾಡು, ಗದ್ದೆ ಬದು ಮೇಲೆ ಹಾಕುದ್ರೂ ಒಸೀನೂ ಅಲ್ಲಾಡಲ್ಲ. ಫೋಟೋ ಬೇಕಾದ್ರೆ ಹಾಕ್ತೀನಿ.

ಒಂಟಿಕೊಪ್ಪಲ್_ಕ್ಲಿಕ್
ಅಣ್ಣ ಮೊದಲು ನಂದು ಮುಗೀಲಿ. ಫಿಲ್ಟರ್ ತೆಗೆದು ಮನೆ ಟೆರೇಸಿಂದ ಚಾಮುಂಡಿ ಬೆಟ್ಟದ ಕಡೆ ತೆಗೆದೆ, ಕಾಂಟ್ರಾಸ್ಟ್ ವಾಪಸ್ ಬಂತು. ಫಿಲ್ಟರ್ ಬೆಳಕಿಗೆ ಹಿಡಿದ್ರೆ ಬಿಳಿ ಗೆರೆ ಗೆರೆ. ಬೆಳಗ್ಗೆ-ಮಧ್ಯಾಹ್ನ ಅಂತ ಮೊದಲೇ ಯಾರಾದ್ರೂ ಕೇಳಿದ್ರೆ ಇಷ್ಟು ಎಳೆದಾಡೋದೇ ಬೇಕಿರ್ಲಿಲ್ಲ. ಚುಕ್ಕಿ ಹಂಗೇ ಇದೆ, ಅದಕ್ಕೇನ್ ಮಾಡ್ಲಿ, ಬಾಯಲ್ಲಿ ಊದಿದ್ರೆ ಹೋಗುತ್ತಾ?

ಎಫ್_ಎಂಟು
ಬಾಯಲ್ಲಿ ಊದಬೇಡಿ ಸ್ವಾಮಿ, ಎಂಜಲು ಹಾರುತ್ತೆ! ಬ್ಯಾಟರಿ ಫುಲ್ ಮಾಡ್ಕೊಂಡು ಮೆನುವಲ್ಲಿ ಸೆನ್ಸರ್ ಕ್ಲೀನಿಂಗ್ ಮೋಡ್ ಹಾಕಿ, ಲೆನ್ಸ್ ಬಿಚ್ಚಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಬ್ಲೋವರ್ ಹೊಡೀರಿ. ಆಮೇಲೆ ಎಫ್ 16ರಲ್ಲಿ ಬಿಳಿ ಗೋಡೆ ತೆಗೆದು ನೋಡಿ.

ಕಾರಂಜಿ_ಕೆರೆ
ಟ್ರೈಪಾಡ್ ಒಯ್ದಿದ್ರಾ? ಒಯ್ದಿದ್ರೆ ಕಾಲು ಪೂರ್ತಿ ಎಳೆದು ಸಿಹಿನೀರಲ್ಲಿ ತೊಳೀರಿ, ಇಲ್ಲಾಂದ್ರೆ ಲಾಕ್ ಒಳಗೆ ಉಪ್ಪು, ಮರಳು ಸೇರಿ ಕಚ್ಕೊಳ್ಳುತ್ತೆ.

ಮಂಡ್ಯ_ಮ್ಯಾಕ್ರೋ
ಆದ್ರೂ ಎರಡು ತಿಂಗಳು ಬಿಟ್ಟು ಇನ್ನೊಂದ್ ಕಿತ ಟಾರ್ಚ್ ಬಿಡಿ.

ಹೊಸಬ_ನಂಜನಗೂಡು
ಹದಿನಾರು ಕೆರೆಗೆ ಈ ಭಾನುವಾರ ಯಾರಾದ್ರೂ ಹೋಗ್ತಿದೀರಾ? ಬೆಳಗ್ಗೆ ಎಷ್ಟೊತ್ತಿಗೆ ಹೋದ್ರೆ ಹೆಬ್ಬಾತು ಹತ್ರ ಸಿಗ್ತವೆ?